ಮಾಳಿಗೆಯ ಭಾರ: ಮಣ್ಣಿನಿಂದ ಮೆಂಬ್ರೇನಿನವರೆಗೆ

ಕರಾವಳಿಯ ಕಡೆಯ ಗೆಳೆಯರು ನಮ್ಮ ಜತ್ತ ತಾಲೂಕಿಗೆ ಬಂದರೆ ಒಂದು ಪ್ರಶ್ನೆ ಕೇಳದೆ ಇರುವುದಿಲ್ಲ. "ಏನ್ರೀ, ನಿಮ್ಮೂರಿನ ಮನೆಗಳಿಗೆಲ್ಲ ತಲೆ ಚಪ್ಪಟೆ ಯಾಕೆ?" ಉತ್ತರ ಮಳೆಯಲ್ಲಿದೆ. ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿ.ಮೀ.ಗೂ ಹೆಚ್ಚು ಸುರಿಯುತ್ತದೆ. ಬಾಲಗಾಂವದಂಥ ನಮ್ಮ ಗಡಿ ಹಳ್ಳಿಗಳಲ್ಲಿ ಸುಮಾರು 500-600 ಮಿ.ಮೀ. ಬಿದ್ದರೆ ಅದೇ ಒಳ್ಳೆಯ ವರ್ಷ. ಅಲ್ಲಿ ನೀರು ಬೇಗ ಜಾರಿ ಹೋಗಬೇಕು, ಅದಕ್ಕೆ ಇಳಿಜಾರು ಹೆಂಚು. ಇಲ್ಲಿ ಚಪ್ಪಟೆ ಮಾಳಿಗೆ ಸಾಕು. ಜೊತೆಗೆ ಜೋಳ ಒಣಗಿಸಲು, ಮೆಣಸಿನಕಾಯಿ ಹರವಲು, ಬೇಸಿಗೆಯಲ್ಲಿ ಹಾಸಿಗೆ ಹಾಕಲು ಅದೇ ನಮ್ಮ ಎರಡನೆಯ ಅಂಗಳ.

ಚಪ್ಪಟೆ ಮಾಳಿಗೆ ಎಂದಮೇಲೆ ಸೋರುವುದೂ ಇದ್ದದ್ದೇ. ಶಿಶುನಾಳ ಶರೀಫರು (1819-1889) ಸೋರುವ ಮಾಳಿಗೆಯನ್ನೇ ಹಿಡಿದು ತತ್ವಪದ ಕಟ್ಟಿದರೆಂದರೆ, ಕೇಳುವವರಿಗೆಲ್ಲ ಅದರ ಅನುಭವ ಇತ್ತು ಎಂದೇ ಅರ್ಥ. ಈಗ ದೊಡ್ಡ ಊರುಗಳ ಗೋದಾಮು, ಕಾರ್ಖಾನೆ, ಮಾಲುಗಳ ಚಪ್ಪಟೆ ಛಾವಣಿಗೆ ಒಂದೇ ಪದರದ ಹಾಳೆ ಹೊದಿಸುತ್ತಾರೆ. ಸಿಂಗಲ್ ಪ್ಲೈ ಮೆಂಬ್ರೇನ್ ಎಂದು ಅದರ ಹೆಸರು. ಈ ಹಾಳೆಗೂ ನಮ್ಮ ಅಜ್ಜಂದಿರ ಮಣ್ಣಿನ ಮಾಳಿಗೆಗೂ ಏನು ಸಂಬಂಧ? ಇದೆ ಎಂದೇ ನಮ್ಮ ಅನಿಸಿಕೆ. ಸ್ವಲ್ಪ ಹಿಂದಿನಿಂದ ನೋಡೋಣ.

ಕಲ್ಲಿನ ಕಾಲದಿಂದಲೇ ಶುರು ಮಾಡಬಹುದು. ಐಹೊಳೆಗೆ ಹೋದವರು ಲಾಡಖಾನ ಗುಡಿಯ ಛಾವಣಿಯನ್ನು ಗಮನಿಸಿರಬಹುದು. ದೊಡ್ಡ ದೊಡ್ಡ ಹಾಸುಗಲ್ಲುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು, ಎರಡು ಕಲ್ಲು ಕೂಡುವ ಸಂದಿನ ಮೇಲೆ ಮರದ ದಿಮ್ಮಿಯಂಥ ಉದ್ದನೆಯ ಕಲ್ಲಿನ ಪಟ್ಟಿ ಕೂರಿಸಿದ್ದಾರೆ. ಚಾಲುಕ್ಯರ ಕಾಲದ ಶಿಲ್ಪಿಗೆ ಗೊತ್ತಿತ್ತು: ಕಲ್ಲು ಸೋರುವುದಿಲ್ಲ, ಸೋರುವುದು ಸಂದು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಮತ್ತೆ ಬರುತ್ತದೆ.

ಸಾಮಾನ್ಯರ ಮನೆಗೆ ಅಂಥ ಕಲ್ಲು ಎಲ್ಲಿಂದ ಬರಬೇಕು? ಅವರದು ಮಣ್ಣಿನ ಮಾಳಿಗೆ. ಕನ್ನಡದಲ್ಲಿ ಮಾಳಿಗೆ, ಮರಾಠಿಯಲ್ಲಿ ಮಾಳವದ. ಕಂಬ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಹಲಗೆ ಅಥವಾ ಕಟ್ಟಿಗೆ-ಕಡ್ಡಿ, ಎಲ್ಲದರ ಮೇಲೆ ಮಣ್ಣು. ಆದರೆ ಯಾವ ಮಣ್ಣಾದರೂ ನಡೆಯುತ್ತಿರಲಿಲ್ಲ. ಹೊಲದ ಕಪ್ಪು ಎರೆಮಣ್ಣು ಒಣಗಿದರೆ ಬಿರಿಯುತ್ತದೆ, ಬಿರುಕಿನಲ್ಲಿ ನೀರು ಇಳಿಯುತ್ತದೆ. ಅದಕ್ಕೇ ಹಾಳುಬಿದ್ದ ಹಳೆಯ ಊರಿನ ಬಿಳಿಮಣ್ಣು, ಸವಳು ಮಣ್ಣು ಹುಡುಕಿ ತರುತ್ತಿದ್ದರು. ಮರಾಠಿಯವರು ಅದನ್ನು ಪಾಂಢರಿ ಮಾತಿ ಎನ್ನುತ್ತಾರೆ.

ಇದರಲ್ಲಿ ವಿಜ್ಞಾನ ಇದೆ. ಸವಳು ಮಣ್ಣಿನಲ್ಲಿ ಸೋಡಿಯಂ ಉಪ್ಪು ಹೆಚ್ಚು. ನೀರು ತಾಗಿದ ಕೂಡಲೆ ಅದರ ಜೇಡಿಯ ಕಣಗಳು ಒಂದರಿಂದೊಂದು ಬಿಡಿಸಿಕೊಂಡು ಸಣ್ಣ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತವೆ. ಮೇಲಿನ ಒಂದೆರಡು ಬೆರಳು ಮಣ್ಣು ತೊಯ್ದು ಕೆಳಗಿನದು ಒಣಗಿಯೇ ಉಳಿಯುತ್ತದೆ. ಬೆಳೆಗೆ ಶತ್ರುವಾದ ಗುಣವೇ ಮಾಳಿಗೆಗೆ ಮಿತ್ರ! ಪಂಜಾಬಿನ ಕಡೆ ಇಂಥದೇ ಪದ್ಧತಿಗೆ ಮಡ್ ಫುಸ್ಕಾ ಎನ್ನುತ್ತಾರೆ. ಅದಕ್ಕೆ ಭಾರತೀಯ ಮಾನಕವೇ ಇದೆ, ಐಎಸ್ 2115.

ಮಣ್ಣಿನ ಮಾಳಿಗೆ ಕಟ್ಟಿ ಮುಗಿಸುವ ವಸ್ತುವಲ್ಲ, ನೋಡಿಕೊಳ್ಳುವ ವಸ್ತು. ಮಿರಗದ ಮಳೆಗೆ ಮುಂಚೆ ಮನೆಯವರೆಲ್ಲ ಮೇಲೆ ಹತ್ತಬೇಕು. ಹುಲ್ಲು ಕೀಳಬೇಕು, ಇಲಿಯ ಬಿಲ ಮುಚ್ಚಬೇಕು, ಕುಂಬಿಯ ಅಂಚು ಮೆತ್ತಬೇಕು, ನೀರು ಹೊರಗೆ ಬೀಳುವ ದೋಣಿಯ ಬಾಯಿ ಬಿಡಿಸಬೇಕು, ಬೆಳಕಿಂಡಿಯ ಸುತ್ತ ದಿಂಡು ಕಟ್ಟಬೇಕು. ಕೊನೆಗೆ ಹೊಸ ಮಣ್ಣಿನ ಒಂದು ತೆಳು ಪದರ ಹರವಿ ತುಳಿಯಬೇಕು. ಮಳೆಗಾಲದ ನಡುರಾತ್ರಿ "ಮಾಳಗಿ ಸೋರಾಕತ್ತೈತಿ" ಎಂದು ಕೂಗು ಬಂದರೆ ತಲೆಗೆ ಗೋಣಿಚೀಲ ಹಾಕಿಕೊಂಡು ಮೇಲೆ ಹೋಗಿ ಅದೇ ಜಾಗ ತುಳಿದು ಬರಬೇಕು.

ಈ ಒಳ್ಳೆಯ ಪದ್ಧತಿಯಲ್ಲೇ ಒಂದು ಅಪಾಯ ಅಡಗಿ ಕುಳಿತಿತ್ತು. ಪ್ರತಿ ವರ್ಷ ಒಂದು ಪದರ ಸೇರುತ್ತಿತ್ತು, ಹಳೆಯದನ್ನು ಯಾರೂ ತೆಗೆಯುತ್ತಿರಲಿಲ್ಲ. ಅರ್ಧ ಅಡಿಯ ಮಣ್ಣು ಮೊಮ್ಮಕ್ಕಳ ಕಾಲಕ್ಕೆ ಎರಡು ಅಡಿ. ಮಕ್ಕಳಿಗೆ ಲೆಕ್ಕ ಕೊಟ್ಟಂತೆ ಇಲ್ಲೂ ಒಂದು ಲೆಕ್ಕ ಮಾಡೋಣ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಒಂದು ಖೋಲಿ. ಅದರ ಮೇಲೆ ಒಂದು ಅಡಿ ಮಣ್ಣು ಎಂದರೆ ನೂರು ಘನ ಅಡಿ. ತೂಕ ಸುಮಾರು ನಾಲ್ಕೂವರೆ ಟನ್. ಎರಡು ಅಡಿಯಾದರೆ ಒಂಬತ್ತು ಟನ್. ಇಷ್ಟೂ ಭಾರ ಮಲಗಿದವರ ತಲೆಯ ಮೇಲೆ!

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷ ಇರುವಾಗ, ನಮ್ಮಿಂದ ಈಶಾನ್ಯಕ್ಕಿರುವ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಭೂಕಂಪದ ಪ್ರಮಾಣ 6.2. ಜಗತ್ತಿನ ದೊಡ್ಡ ಭೂಕಂಪಗಳ ಪಟ್ಟಿಯಲ್ಲಿ ಇದು ಮಧ್ಯಮ ಗಾತ್ರದ್ದು. ಆದರೂ ಸತ್ತವರು ಎಂಟರಿಂದ ಹತ್ತು ಸಾವಿರ. ಗಣಪತಿಯನ್ನು ಕಳಿಸಿ ಬಂದು ಮಲಗಿದ್ದ ಜನ. ಮಣ್ಣಿನಲ್ಲಿ ಕೂರಿಸಿದ ಗುಂಡುಕಲ್ಲಿನ ದಪ್ಪ ಗೋಡೆಗಳು ಬಿರಿದು ಬಿದ್ದವು, ಅವುಗಳ ಮೇಲೆ ಹೊತ್ತ ಮಣ್ಣಿನ ಭಾರ ಒಟ್ಟಿಗೆ ಕುಸಿಯಿತು. ಎಷ್ಟೋ ಜನ ಆ ಮಣ್ಣಿನಡಿ ಉಸಿರುಗಟ್ಟಿ ಹೋದರು. ಮಳೆಯಿಂದ ಕಾಯಲೆಂದು ವರ್ಷವರ್ಷ ಹೊದಿಸಿದ ಮಣ್ಣೇ ಸಮಾಧಿಯಾಯಿತು. ಉಳಿದ ಮನೆಗಳನ್ನು ಗಟ್ಟಿ ಮಾಡಲು ಆಮೇಲೆ ಎಂಜಿನಿಯರುಗಳು ಕೊಟ್ಟ ಸಲಹೆಗಳಲ್ಲಿ ಒಂದು ಇದು: ಮಾಳಿಗೆಯ ಮಣ್ಣು ಇಳಿಸಿ, ತೆಳುವಾಗಿ ಉಳಿಸಿ, ನೀರು ತಡೆಯಲು ನಡುವೆ ಪ್ಲಾಸ್ಟಿಕ್ ಹಾಳೆ ಹಾಸಿ. ಅಂದರೆ ಎರಡು ಅಡಿ ಮಣ್ಣಿನ ಕೆಲಸವನ್ನು ಒಂದು ಹಾಳೆ ಮಾಡಬಲ್ಲದು.

ಚಪ್ಪಟೆ ಛಾವಣಿಯ ಚರಿತ್ರೆ ಎಂದರೆ ಭಾರ ಇಳಿಸುತ್ತ ಬಂದ ಚರಿತ್ರೆ ಎಂದು ನಾವು ಹೇಳುವುದು ಇದಕ್ಕೇ.

ಪೇಟೆಯ ಅಂಗಡಿ, ಕಚೇರಿ, ಶಾಲೆಗಳಿಗೆ ಸಿಮೆಂಟಿನ ಸ್ಲ್ಯಾಬು ಬಂತು. ಅದೇ ಖೋಲಿಗೆ ಐದು ಇಂಚಿನ ಸ್ಲ್ಯಾಬಿನ ತೂಕ ಸುಮಾರು ಮೂರು ಟನ್, ಅದೂ ಕಬ್ಬಿಣ ಹೆಣೆದು ಒಂದೇ ತುಂಡಾಗಿ ನಿಲ್ಲುವಂಥದು. ಆದರೆ ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುವ ಸ್ಲ್ಯಾಬಿನಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತವೆ. ನೀರು ಅದರಲ್ಲಿ ಇಳಿದು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ತುಕ್ಕು ಉಬ್ಬಿ ಕೆಳಗಿನ ಪದರ ಉದುರುತ್ತದೆ. ಇದನ್ನು ತಡೆಯಲು ಡಾಂಬರು. ಅಮೆರಿಕದಲ್ಲಿ 19ನೆಯ ಶತಮಾನದ ನಡುವಿನಿಂದಲೇ ಡಾಂಬರು ಹಚ್ಚಿದ ಹಾಳೆಗಳನ್ನು ಒಂದರ ಮೇಲೊಂದು ಮೂರು-ನಾಲ್ಕು ಪದರ ಅಂಟಿಸಿ ಮೇಲೆ ಕಡಿ ಹರವುವ ಪದ್ಧತಿ ಇತ್ತು. ನಮ್ಮ ಖೋಲಿಗೆ ಹೋಲಿಸಿದರೆ ಆ ಹೊದಿಕೆ 250-300 ಕಿಲೋ. ಕೆಲಸ ಮಾತ್ರ ಕಷ್ಟದ್ದು. ಕುದಿಯುವ ಡಾಂಬರು, ಹೊಗೆ, ಸುಟ್ಟ ಕೈಗಳು.

1960ರ ದಶಕದಲ್ಲಿ ಎರಡು ಹೊಸ ವಸ್ತುಗಳು ಛಾವಣಿಗೆ ಬಂದವು. ಅಮೆರಿಕದಲ್ಲಿ ಇಪಿಡಿಎಂ ಎಂಬ ಕಪ್ಪು ಕೃತಕ ರಬ್ಬರು, ಯುರೋಪಿನಲ್ಲಿ ಪಿವಿಸಿ ಹಾಳೆ. 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದಾಗ ತೈಲದಿಂದಲೇ ಬರುವ ಡಾಂಬರಿನ ಬೆಲೆ ಏರಿತು. ಆಗ ಒಂದೇ ಪದರದ ಹಾಳೆಗೆ ದಾರಿ ತೆರೆಯಿತು. 1990ರ ದಶಕದಲ್ಲಿ ಟಿಪಿಒ ಎಂಬ ಮೂರನೆಯದು ಸೇರಿತು. ಒಂದೂವರೆ ಮಿ.ಮೀ. ದಪ್ಪದ ಇಂಥ ಹಾಳೆ ನಮ್ಮ ಖೋಲಿಯನ್ನು ಮುಚ್ಚಲು ಇಪ್ಪತ್ತು ಕಿಲೋ ಕೂಡ ಬೇಡ. ಒಂಬತ್ತು ಟನ್ ಎಲ್ಲಿ, ಇಪ್ಪತ್ತು ಕಿಲೋ ಎಲ್ಲಿ! ಆದರೆ ಹಾಳೆ ತಾನೇ ಛಾವಣಿಯಲ್ಲ. ಕೆಳಗೆ ಸ್ಲ್ಯಾಬೋ ಉಕ್ಕಿನ ತಗಡೋ ಇರಲೇಬೇಕು. ಹೊದಿಕೆ ಹಗುರಾದ್ದರಿಂದ ಆ ತಗಡು, ತೊಲೆ, ಕಂಬಗಳೂ ಹಗುರಾದವು. ನಡುವೆ ಹೆಚ್ಚು ಕಂಬಗಳಿಲ್ಲದ ಅಗಲವಾದ ಗೋದಾಮುಗಳಿಗೆ ಇದು ಒಗ್ಗಿತು.

ಹಾಗಂತ ಹೊಸದೆಲ್ಲ ಒಳ್ಳೆಯದಾಗಲಿಲ್ಲ. ಒಳಗೆ ಜಾಲರಿ ಇಲ್ಲದ ಮೊದಲ ಕಾಲದ ಪಿವಿಸಿ ಹಾಳೆಗಳು ಮೆದುತನ ಕಳೆದುಕೊಂಡು, ಅಮೆರಿಕದ ಚಳಿಗೆ ಗಾಜಿನಂತೆ ಒಡೆದವು. ಆಮೇಲೆ ಪಾಲಿಯೆಸ್ಟರ್ ಜಾಲರಿ ಸೇರಿಸಿ ಗಟ್ಟಿ ಮಾಡಿದರು. ಮೊದಲ ಟಿಪಿಒಗಳಲ್ಲಿ ಕೆಲವು ಬಿಸಿಲಿಗೆ ಬೇಗ ಸೋತವು, ಅವುಗಳ ಮಿಶ್ರಣ ತಿದ್ದಬೇಕಾಯಿತು.

ಈಗ ಐಹೊಳೆಯ ಮಾತಿಗೆ ಬರೋಣ. ಹೆಸರು ಒಂದೇ ಪದರ, ಆದರೆ ಇಡೀ ಛಾವಣಿಗೆ ಒಂದೇ ಹಾಳೆ ಇರುವುದಿಲ್ಲ. ಪಿವಿಸಿ, ಟಿಪಿಒ ಹಾಳೆಗಳ ಅಂಚನ್ನು ಒಂದರ ಮೇಲೊಂದು ಇಟ್ಟು ಬಿಸಿಗಾಳಿಯಿಂದ ಕರಗಿಸಿ ಬೆಸೆಯುತ್ತಾರೆ. ರಬ್ಬರಿನದಾದರೆ ಅಂಟು ಅಥವಾ ಟೇಪು. ಆಮೇಲೆ ಮೊಂಡು ಮೊಳೆಯಂಥ ಸಲಕರಣೆಯಿಂದ ಸಂದಿನ ಉದ್ದಕ್ಕೂ ಕೆದಕಿ ಎಲ್ಲಾದರೂ ಬಿಟ್ಟಿದೆಯೇ ನೋಡುತ್ತಾರೆ. ಕುಂಬಿಗೆ ಹತ್ತುವ ಅಂಚು, ನೀರಿನ ಕೊಳವೆಯ ಬಾಯಿ, ತೂತು ಕೊರೆದ ಜಾಗ, ಇಲ್ಲಿಯೇ ಸೋರಿಕೆ ಹೆಚ್ಚು. ನಮ್ಮ ಅಜ್ಜಿಯರು ಮಿರಗಕ್ಕೆ ಮುಂಚೆ ಕೈಯಾಡಿಸುತ್ತಿದ್ದದ್ದೂ ಇದೇ ಜಾಗಗಳಲ್ಲಿ: ಕುಂಬಿ, ದೋಣಿ, ಬೆಳಕಿಂಡಿ.

ಇದನ್ನು ಕಣ್ಣಾರೆ ನೋಡಲು ದೊಡ್ಡ ಊರಿಗೇ ಹೋಗಬೇಕಿಲ್ಲ. ಜತ್ತದ ದ್ರಾಕ್ಷಿ, ದಾಳಿಂಬೆ ತೋಟಗಳ ಶೇತತಳೆಗೆ, ಅಂದರೆ ಕೃಷಿ ಹೊಂಡಕ್ಕೆ ಹಾಸಿರುವ 500 ಮೈಕ್ರಾನಿನ ಹಾಳೆಯೂ ಇದೇ ಕುಲದ್ದು. ಮಹಾರಾಷ್ಟ್ರ ಸರಕಾರ 2016ರಲ್ಲಿ ಕೇಳಿದವರಿಗೆ ಶೇತತಳೆ ಎಂಬ ಯೋಜನೆ ತಂದಿತು. ಕರ್ನಾಟಕದಲ್ಲಿ 2014ರಿಂದಲೇ ಕೃಷಿ ಭಾಗ್ಯ ಇತ್ತು. ಛಾವಣಿಯ ಹಾಳೆ ನೀರನ್ನು ಹೊರಗೆ ಇಡುತ್ತದೆ, ಹೊಂಡದ ಹಾಳೆ ಒಳಗೆ ಇಡುತ್ತದೆ. ಎರಡಕ್ಕೂ ಪ್ರಾಣ ಬೆಸುಗೆಯಲ್ಲಿ. ರೈತರನ್ನು ಕೇಳಿ ನೋಡಿ: ಹಾಳೆಯ ಬೆಲೆಗಿಂತ ಮೊದಲು ಬೆಸೆದವನ ಕೈ ಹೇಗಿತ್ತು ಎಂದು ಹೇಳುತ್ತಾರೆ.

ಇನ್ನೊಂದು ಮಾತು. ಒಂದೇ ಪದರದ ಹಾಳೆ ಜನ ಓಡಾಡದ ಛಾವಣಿಗೆ ಹುಟ್ಟಿದ್ದು. ನಮ್ಮ ಪೇಟೆಯ ಅಂಗಡಿಗಳ ಮೇಲೆ ನೀರಿನ ಟಾಕಿ, ಡಿಶ್ಶು, ಸೋಲಾರ್ ಹಲಗೆ, ಮುರಿದ ಕುರ್ಚಿ, ನಾಳೆ ಮೇಲಂತಸ್ತು ಎತ್ತಲು ಬಿಟ್ಟ ಕಬ್ಬಿಣದ ಸಳಿಗಳು ಎಲ್ಲವೂ ಇರುತ್ತವೆ. ಒಂದು ಸಳಿ ಬಿದ್ದರೆ ಸಾಕು, ಅದೊಂದೇ ಪದರ ಹರಿಯಿತು. ಮಣ್ಣಿನ ಮಾಳಿಗೆಗೆ ಗಾಯವಾದರೆ ತುಳಿದು ಮುಚ್ಚಬಹುದಿತ್ತು. ಹಾಳೆಗೆ ಗಾಯವಾದರೆ ಯಾರಾದರೂ ನೋಡಬೇಕು, ತೇಪೆ ಹಾಕುವವರನ್ನು ಕರೆಯಬೇಕು. ಹಾಕಿಸುವುದಾದರೆ ಮೇಲೆ ಓಡಾಡಲು ಬೇರೆ ಹಾಸು ಬೇಕು, ನೀರಿಗೆ ಇಳಿಜಾರು ಬೇಕು, ಬೆಸುಗೆ ಬಲ್ಲ ಕೆಲಸಗಾರ ಬೇಕು.

ಮಣ್ಣಿನಿಂದ ಹಾಳೆಯವರೆಗೆ ಬರುವಷ್ಟರಲ್ಲಿ ತಲೆಯ ಮೇಲಿನ ಭಾರ ಇಳಿಯಿತು. ಕಿಲ್ಲಾರಿಯನ್ನು ನೆನೆದರೆ ಇದು ಸಣ್ಣ ಲಾಭವಲ್ಲ. ಆದರೆ ಭಾರದ ಜೊತೆಗೇ ವರ್ಷಕ್ಕೊಮ್ಮೆ ಮಾಳಿಗೆ ಹತ್ತುವ ರೂಢಿಯನ್ನೂ ನಾವು ಇಳಿಸಿಬಿಟ್ಟಿದ್ದೇವೆ. ಸ್ಲ್ಯಾಬಿರಲಿ, ತಗಡಿರಲಿ, ಮೆಂಬ್ರೇನ್ ಇರಲಿ, ಶಾಲೆಯದಿರಲಿ, ಅಂಗಡಿಯದಿರಲಿ, ಮಿರಗಕ್ಕೆ ಮುಂಚೆ ಒಮ್ಮೆ ಮೇಲೆ ಹತ್ತಿ ನೋಡಿ. ಕೊಳವೆಯ ಬಾಯಲ್ಲಿ ಎಲೆ ಕಟ್ಟಿದ್ದರೆ ತೆಗೆಯಿರಿ. ಅದಕ್ಕೆ ದುಡ್ಡು ಬೇಡ, ಒಂದು ಏಣಿ ಮತ್ತು ಅರ್ಧ ದಿನ ಸಾಕು.