ಪಾಲಿಥೀನ್: ಬಯಸದೆ ಬಂದ ಅತಿಥಿ

ವಿಜಯನಗರದ ಅಂಗಡಿ ಬೀದಿಯಲ್ಲಿ ಸೊಪ್ಪು ಕೊಂಡವರು 'ಒಂದು ಕವರ್ ಕೊಡಿ' ಎಂದು ಕೈಚಾಚುವುದು ಹಳೆಯ ಅಭ್ಯಾಸ. ಆ ಕವರ್, ಮುಂಜಾನೆ ಬಾಗಿಲಿಗೆ ಬರುವ ಹಾಲಿನ ಪ್ಯಾಕೆಟ್, ಮಳೆ ಬಂದರೆ ತಳ್ಳುಗಾಡಿಗೆ ಹೊದಿಸುವ ಹಾಳೆ ಇವೆಲ್ಲದರ ಮೂಲ ಬಹುಮಟ್ಟಿಗೆ ಪಾಲಿಥೀನ್. ವಿಚಿತ್ರವೆಂದರೆ, ಇದನ್ನು ಯಾರೂ ಬೇಕೆಂದು ಹುಡುಕಿರಲಿಲ್ಲ.

1933ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ನಾರ್ತ್‌ವಿಚ್ ಬಳಿಯ ಐಸಿಐ ಪ್ರಯೋಗಾಲಯದಲ್ಲಿ ರೆಜಿನಾಲ್ಡ್ ಗಿಬ್ಸನ್ ಮತ್ತು ಎರಿಕ್ ಫಾಸೆಟ್ ಎಥಿಲೀನ್ ಅನಿಲವನ್ನು ಬೆಂಜಾಲ್ಡಿಹೈಡ್ ಜೊತೆ ಭಾರಿ ಒತ್ತಡಕ್ಕೆ ಒಳಪಡಿಸಿದರು. ಅಂದುಕೊಂಡದ್ದು ಆಗಲಿಲ್ಲ, ಪಾತ್ರೆಯಲ್ಲಿ ಮೇಣದಂಥ ಬಿಳಿ ಪದಾರ್ಥ ಉಳಿದಿತ್ತು. ಎಥಿಲೀನ್ ಅಣುಗಳು ಹೂಮಾಲೆಯಂತೆ ಒಂದಕ್ಕೊಂದು ಪೋಣಿಸಿಕೊಂಡಿದ್ದವು. 1935ರಲ್ಲಿ ಮೈಕೆಲ್ ಪೆರಿನ್ ಇದನ್ನು ಮತ್ತೆ ತಯಾರಿಸುವ ಬಗೆ ಕಂಡುಕೊಂಡರು. ಪಾತ್ರೆಗೆ ಸೇರಿದ್ದ ಕೊಂಚ ಆಮ್ಲಜನಕವೇ ಈ ಕ್ರಿಯೆಗೆ ಕಿಡಿ ಹಚ್ಚಿತ್ತೆಂಬುದು ಬಳಿಕ ತಿಳಿಯಿತು.

1939ರಲ್ಲಿ ಉತ್ಪಾದನೆ ಆರಂಭವಾಯಿತು. ಯುದ್ಧಕಾಲದಲ್ಲಿ ರೇಡಾರ್ ಕೇಬಲ್‌ಗಳಿಗೆ ಕವಚವಾದ ಪಾಲಿಥೀನ್, ಶಾಂತಿ ಬಂದ ಮೇಲೆ ಅಡುಗೆಮನೆ ಹೊಕ್ಕಿತು. 1953ರಲ್ಲಿ ಜರ್ಮನಿಯ ಕಾರ್ಲ್ ಝೀಗ್ಲರ್ ಕಡಿಮೆ ಒತ್ತಡದಲ್ಲೇ ಗಟ್ಟಿ ಪಾಲಿಥೀನ್ ತಯಾರಿಸಿದರು. ಬಕೆಟ್, ಕ್ಯಾನುಗಳು ಅಗ್ಗವಾದವು. ಹಿಡಿಕೆಯ ಚೀಲ 1960ರ ದಶಕದಲ್ಲಿ ಸ್ವೀಡನ್‌ನ ಸ್ಟೆನ್ ಗುಸ್ತಾಫ್ ತುಲೀನ್ ರೂಪಿಸಿದ್ದು.

ಕೊಳೆಯದು, ನೆನೆಯದು ಎಂಬ ಗುಣವೇ ಮುಂದೆ ದೋಷವಾಯಿತು. ಮೋರಿಗಳಲ್ಲಿ ಸಿಕ್ಕ ಕವರ್‌ಗಳು ಮಳೆನೀರಿಗೆ ಅಡ್ಡಗಟ್ಟಿದವು. ಕೆಂಗೇರಿಯತ್ತ ಹರಿಯುವ ವೃಷಭಾವತಿಯೂ ಇವುಗಳ ಹೊರೆ ಹೊತ್ತಿತು.

ಪರಿಹಾರದ ಒಂದು ದಾರಿಯನ್ನು ಕಂಡವರು ಬೆಂಗಳೂರಿನ ಚೀಲ ತಯಾರಕರಾದ ಅಹ್ಮದ್ ಖಾನ್ ಮತ್ತು ರಸೂಲ್ ಖಾನ್ ಸಹೋದರರು. ಕವರ್‌ಗಳನ್ನು ಚೂರು ಮಾಡಿ ಡಾಂಬರಿಗೆ ಬೆರೆಸುವುದು ಅವರ ಉಪಾಯ. ಬೆಂಗಳೂರು ವಿಶ್ವವಿದ್ಯಾಲಯದ ಸಿ.ಇ.ಜಿ. ಜಸ್ಟೊ ಮತ್ತು ಎ. ವೀರರಾಘವನ್ ಇದನ್ನು ಪರೀಕ್ಷಿಸಿದರು. ಡಾಂಬರಿನ ತೂಕದ ಶೇ 8ರಷ್ಟು ಪ್ಲಾಸ್ಟಿಕ್ ಸೇರಿದರೆ ಮಿಶ್ರಣ ಗಟ್ಟಿಯಾಗುತ್ತದೆ, ನೀರನ್ನೂ ಚೆನ್ನಾಗಿ ತಡೆಯುತ್ತದೆ ಎಂದು ಕಂಡುಬಂತು. 2002ರಿಂದೀಚೆಗೆ ರಾಜರಾಜೇಶ್ವರಿನಗರವೂ ಸೇರಿದಂತೆ ನಗರದ ಹಲವೆಡೆ ಇಂಥ ರಸ್ತೆಗಳಾದವು.

2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ಹಾಲಿನ ಪ್ಯಾಕೆಟ್‌ಗೆ ವಿನಾಯಿತಿ ದೊರೆಯಿತು. ಆದರೂ ಕವರ್ ಬೀದಿಯಿಂದ ಪೂರ್ತಿ ಮರೆಯಾಗಿಲ್ಲ. ಡಾಂಬರಿಗೆ ಬೇಕಾದದ್ದು ಒಣಗಿದ, ಬೇರ್ಪಡಿಸಿದ ಪ್ಲಾಸ್ಟಿಕ್. ಆ ಕೆಲಸ ಆಗಬೇಕಾದದ್ದು ಮನೆಯ ಕಸದ ಬುಟ್ಟಿಯ ಬಳಿಯೇ. ಮೋರಿ ಸೇರಿದ ಕವರ್ ರಸ್ತೆಗೆ ಬಾರದು.