ಚಕಮಕಿ ಕೋವಿ ತಿದ್ದಿದ ಪಾಠ

ನನ್ನಿಂದ ಚರಿತ್ರೆ ಕಲಿತವರಿಗೆ ಒಂದು ವಾಕ್ಯ ನೆನಪಿರಬಹುದು: ‘ಆಂಗ್ಲರ ಬಳಿ ಉತ್ತಮ ಬಂದೂಕುಗಳಿದ್ದವು, ಆದ್ದರಿಂದ ಶ್ರೀರಂಗಪಟ್ಟಣವನ್ನು ಗೆದ್ದರು.’ ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, “ಟಿಪ್ಪುವಿನ ಬಳಿಯೂ ಬಂದೂಕುಗಳಿದ್ದವಲ್ಲವೇ ಸಾರ್?” ಎಂದು ಕೇಳಿದ್ದನು. ಪಾಠ ಮುಗಿಸುವ ಅವಸರದಲ್ಲಿ ಅವನನ್ನು ಗದರಿಸಿ ಕೂರಿಸಿದೆ.

ನಿವೃತ್ತಿಯ ನಂತರ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ಮಗನ ಮನೆಗೆ ಹೋಗಿದ್ದಾಗ ನೆರೆಯ ವೃದ್ಧರೊಬ್ಬರ ಸ್ನೇಹವಾಯಿತು. ‘ಬ್ರೌನ್ ಬೆಸ್’ ಎಂಬ ಹೆಸರಿನ, ಹದಿನೆಂಟನೆಯ ಶತಮಾನದ ಬ್ರಿಟಿಷ್ ಸೈನಿಕ ಕೋವಿಯ ಪ್ರತಿಕೃತಿಯೊಂದು ಅವರಲ್ಲಿತ್ತು. ಇಂದಿನ ಕಾರ್ಖಾನೆಯಲ್ಲಿ ಹಳೆಯ ಮಾದರಿಯಂತೆಯೇ ತಯಾರಾದದ್ದು. ಗೋಡೆಯ ಅಲಂಕಾರಕ್ಕಲ್ಲ, ಹಾರಿಸುವುದಕ್ಕೆ. ಒಂದು ಭಾನುವಾರ ನನ್ನನ್ನೂ ಗುರಿ ಅಭ್ಯಾಸದ ಮೈದಾನಕ್ಕೆ ಕರೆದೊಯ್ದರು.

ಕೋವಿಯ ತೂಕ ಸುಮಾರು ನಾಲ್ಕೂವರೆ ಕಿಲೋ. ಪೆಟ್ಲುಪ್ಪು, ಗಂಧಕ, ಇದ್ದಿಲು ಬೆರೆತ ಕರಿಮದ್ದನ್ನು ಅಳೆದು ನಳಿಗೆಗೆ ಸುರಿಯಬೇಕು, ಸೀಸದ ಗುಂಡನ್ನು ಸಲಾಕೆಯಿಂದ ತಳ್ಳಬೇಕು, ಪಕ್ಕದ ಬಟ್ಟಲಿಗೆ ಚಿಟಿಕೆ ಮದ್ದು ಹಾಕಬೇಕು. ಕುದುರೆ ಎಳೆದರೆ ಚಕಮಕಿ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರುತ್ತದೆ. ಪಳಗಿದ ಸೈನಿಕನು ನಿಮಿಷಕ್ಕೆ ಮೂರು ಗುಂಡು ಹಾರಿಸುತ್ತಿದ್ದನು. ನನಗೆ ಒಂದಕ್ಕೇ ಮೂರು ನಿಮಿಷ ಹಿಡಿಯಿತು. ಐವತ್ತು ಗಜ ದೂರದ ಹಲಗೆಗೆ ಐದರಲ್ಲಿ ಒಂದೇ ತಗುಲಿತು. ಬಿಳಿಯ ಹೊಗೆಯಲ್ಲಿ ಹಲಗೆಯೇ ಕಾಣದಾಯಿತು.

ತಪ್ಪು ನನ್ನದು ಮಾತ್ರವಲ್ಲವೆಂದು ಅವರು ವಿವರಿಸಿದರು. ನಳಿಗೆಯ ವ್ಯಾಸ ಮುಕ್ಕಾಲು ಅಂಗುಲ, ಗುಂಡಿನದು ಸುಮಾರು 0.69 ಅಂಗುಲ. ಮದ್ದಿನ ಮಸಿ ಒಳಗೆ ಕಟ್ಟುವುದರಿಂದ ಈ ಅಂತರವಿಲ್ಲದಿದ್ದರೆ ಗುಂಡು ಇಳಿಯದು. ಅಂತರವಿರುವುದರಿಂದ ನೇರ ಹೋಗದು. ಆದ್ದರಿಂದಲೇ ನೂರಾರು ಜನ ಸಾಲಾಗಿ ನಿಂತು ಒಟ್ಟಿಗೆ ಹಾರಿಸುತ್ತಿದ್ದರು. ಕೋವಿಯ ಶಕ್ತಿಯಿದ್ದದ್ದು ಕೋವಿಯಲ್ಲಲ್ಲ, ಕವಾಯತಿನಲ್ಲಿ.

ಮಸಿ ಮೆತ್ತಿದ ಮುಖದಿಂದ ಹಿಂದಿರುಗಿದಾಗ ಮನೆಯಾಕೆ, “ದೀಪಾವಳಿ ಮುಗಿಯಿತೇ?” ಎಂದಳು. ನನ್ನ ಮನಸ್ಸಾದರೋ ಕಾವೇರಿಯ ದಡದಲ್ಲಿತ್ತು. ಈ ಕೋವಿಯದೇ ವಂಶದ ಒಂದು ಬಗೆಗೆ ‘ಇಂಡಿಯಾ ಪ್ಯಾಟರ್ನ್’ ಎಂದು ಹೆಸರು. ಈಸ್ಟ್ ಇಂಡಿಯಾ ಕಂಪೆನಿಗಾಗಿ ತಯಾರಾಗುತ್ತಿದ್ದ ಅದನ್ನು 1790ರ ದಶಕದಲ್ಲಿ ಬ್ರಿಟಿಷ್ ಸೈನ್ಯವೂ ಸ್ವೀಕರಿಸಿತು. ಕೋಟೆಯೊಳಗಿದ್ದವರ ಕೈಯಲ್ಲೂ ಚಕಮಕಿ ಕೋವಿಗಳೇ ಇದ್ದವು. ಟಿಪ್ಪುವಿನ ಕಾರ್ಖಾನೆಗಳು ಅವನ್ನು ತಯಾರಿಸುತ್ತಿದ್ದವು. ರಾಕೆಟ್ಟುಗಳಲ್ಲಂತೂ ಮೈಸೂರೇ ಮುಂದು. ಆದರೆ 1792ರ ಒಪ್ಪಂದದಲ್ಲಿ ಅರ್ಧ ರಾಜ್ಯವೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳೂ ಹೋಗಿದ್ದವು. 1799ರಲ್ಲಿ ನಿಜಾಮನ ಸೈನ್ಯವೂ ಕಂಪೆನಿಯ ಜೊತೆಗಿತ್ತು. ಫಿರಂಗಿಗಳು ಗೋಡೆ ಒಡೆದ ಮೇಲೆ, ಮೇ 4ರಂದು ಪಟ್ಟಣ ಬಿದ್ದಿತು. ಇವೆಲ್ಲವನ್ನೂ ನಾನು ‘ಉತ್ತಮ ಬಂದೂಕು’ ಎಂಬ ಎರಡು ಪದಗಳಲ್ಲಿ ಮುಚ್ಚಿಟ್ಟಿದ್ದೆ.

ಹಿಂದಿನ ಬೆಂಚಿನ ಆ ಹುಡುಗ ಇದನ್ನು ಓದುತ್ತಿದ್ದರೆ ತಿಳಿಯಲಿ: ಅಪ್ಪಾ, ನಿನ್ನ ಪ್ರಶ್ನೆ ಸರಿಯಾಗಿತ್ತು. ಕುಳಿತುಕೊಳ್ಳಬೇಕಾಗಿದ್ದವನು ನಾನು.