ಹಲ್ಲಿನಿಂದ ಅಳೆದ ಮೈಕಟ್ಟು: ಜೈಗಾಂಟೊಪಿಥೆಕಸ್‌ನ ಗಾತ್ರ ಕುರಿತ ಊಹೆಗಳ ಚರಿತ್ರೆ

1935ರಲ್ಲಿ ಹಾಂಗ್‌ಕಾಂಗ್‌ನ ಚೀನೀ ಔಷಧದ ಅಂಗಡಿಯೊಂದರಲ್ಲಿ, ‘ಡ್ರಾಗನ್ ಹಲ್ಲು’ಗಳೆಂದು ಮಾರುತ್ತಿದ್ದ ಪಳೆಯುಳಿಕೆಗಳ ರಾಶಿಯಿಂದ ಪ್ರಾಗ್ಜೀವಶಾಸ್ತ್ರಜ್ಞ ರಾಲ್ಫ್ ಫಾನ್ ಕೋನಿಗ್ಸ್‌ವಾಲ್ಡ್ ಒಂದು ದವಡೆ ಹಲ್ಲನ್ನು ಹೆಕ್ಕಿದರು. ಅದು ಗೊರಿಲ್ಲಾದ ಹಲ್ಲಿಗಿಂತಲೂ ದೊಡ್ಡದು. ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ಮಾನವಶಾಸ್ತ್ರಜ್ಞ ಡೇವಿಡ್‌ಸನ್ ಬ್ಲ್ಯಾಕ್ ಅವರ ನೆನಪಿಗೆ ಆ ಅಳಿದುಹೋದ ದೈತ್ಯ ವಾನರವನ್ನು ಜೈಗಾಂಟೊಪಿಥೆಕಸ್ ಬ್ಲಾಕಿ ಎಂದು ಕರೆದರು. ಅಲ್ಲಿಂದ ಇಲ್ಲಿಯವರೆಗೆ ದೊರೆತಿರುವುದು ಸುಮಾರು 2,000 ಬಿಡಿ ಹಲ್ಲುಗಳು ಮತ್ತು ನಾಲ್ಕು ಅಪೂರ್ಣ ಕೆಳದವಡೆಗಳು. ತಲೆಬುರುಡೆಯಾಗಲಿ ಕೈಕಾಲಿನ ಮೂಳೆಯಾಗಲಿ ಸಿಕ್ಕಿಲ್ಲ. ಹಲ್ಲಿನ ಬೇರುಗಳ ಮೇಲೆ ಮುಳ್ಳುಹಂದಿಗಳು ಕಡಿದ ಗುರುತುಗಳಿವೆ. ಗುಹೆಗೆ ಬಂದ ಮೂಳೆಗಳನ್ನು ಆ ಮುಳ್ಳುಹಂದಿಗಳು ಕರಕರನೆ ಕಡಿದು ಮುಗಿಸಿ, ಗಟ್ಟಿ ಎನಾಮಲ್ಲನ್ನು ಮಾತ್ರ ಉಳಿಸಿರಬೇಕು.

ಹಾಗಿದ್ದರೆ ಈ ಪ್ರಾಣಿಯದೆಂದು ತೋರಿಸುವ ಮೂರು ಮೀಟರ್ ಎತ್ತರದ ಪ್ರತಿಮೆ ಎಲ್ಲಿಂದ ಬಂತು? ನನ್ನ ಮಟ್ಟಿಗೆ, ಹಲ್ಲನ್ನು ಅಳೆದವರು ಯಾವ ಪ್ರಾಣಿಯನ್ನು ಪಕ್ಕದಲ್ಲಿಟ್ಟುಕೊಂಡಿದ್ದರು ಎಂಬುದೇ ಈ ಚರಿತ್ರೆಯ ತಿರುಳು.

ಅಂಗರಚನಾಶಾಸ್ತ್ರಜ್ಞ ಫ್ರಾಂಟ್ಸ್ ವೈಡನ್‌ರೈಖ್ ಪಕ್ಕದಲ್ಲಿಟ್ಟುಕೊಂಡದ್ದು ಮನುಷ್ಯನನ್ನು. 1940ರ ದಶಕದಲ್ಲಿ ಅವರು ಇದನ್ನು ವಾನರವಲ್ಲ, ದೈತ್ಯ ಮಾನವ ಎಂದರು. ಗಂಡು ಗೊರಿಲ್ಲಾದ ಎರಡರಷ್ಟು ದೊಡ್ಡದೆಂದು ಅಂದಾಜಿಸಿದರು. ಆಗ ಅವರ ಮುಂದಿದ್ದದ್ದು ಬೆರಳೆಣಿಕೆಯ ಹಲ್ಲುಗಳು. 1950ರ ದಶಕದಲ್ಲಿ ಪೈ ವೆನ್‌ಝೋಂಗ್ ಅವರ ತಂಡ ಚೀನಾದ ಗುವಾಂಗ್‌ಶಿಯ ಲಿಯುಚೆಂಗ್ ಗುಹೆಯಲ್ಲಿ ಮೂರು ದವಡೆಗಳನ್ನೂ ನೂರಾರು ಹಲ್ಲುಗಳನ್ನೂ ಹೊರತೆಗೆದ ಮೇಲೆ ಅದು ವಾನರವೆಂಬ ವಾದಕ್ಕೇ ಬಲ ಬಂತು.

1970ರಲ್ಲಿ ಎಲ್ವಿನ್ ಸೈಮನ್ಸ್ ಮತ್ತು ಪೀಟರ್ ಎಟಲ್ ಗೊರಿಲ್ಲಾವನ್ನು ಮಾದರಿಯಾಗಿಟ್ಟುಕೊಂಡು ಒಂಬತ್ತು ಅಡಿ ಎತ್ತರ, ಸುಮಾರು 270 ಕಿಲೋ ತೂಕ ಎಂದರು. ಎರಡು ದಶಕಗಳ ಬಳಿಕ ರಸೆಲ್ ಸಿಯೊಕಾನ್ ಅವರ ನೆರವಿನಿಂದ ಬಿಲ್ ಮನ್ಸ್ ರೂಪಿಸಿದ ಪ್ರತಿಮೆ ಹತ್ತು ಅಡಿಗೆ ಬೆಳೆಯಿತು, ತೂಕದ ಅಂದಾಜು 540 ಕಿಲೋ ಮುಟ್ಟಿತು. ದವಡೆಯಿಂದ ತಲೆ, ತಲೆಯಿಂದ ಮೈ: ಒಂದು ಊಹೆಯ ಹೆಗಲ ಮೇಲೆ ಇನ್ನೊಂದು ಊಹೆ.

ಈ ಲೆಕ್ಕದ ದುರ್ಬಲ ಕೊಂಡಿ ಹಲ್ಲಿಗೂ ಮೈಗೂ ಇರುವ ಅನುಪಾತ. ಆಫ್ರಿಕಾದಲ್ಲಿದ್ದ, ಮನುಷ್ಯನ ದೂರದ ಬಂಧುವಾದ ಪ್ಯಾರಾಂತ್ರೊಪಸ್ ಬೊಯ್‌ಸೈಯನ್ನು ನೋಡಿ. ಅದರ ದವಡೆ ಹಲ್ಲುಗಳು ನಮ್ಮವಕ್ಕಿಂತ ಎಷ್ಟೋ ದೊಡ್ಡವು, ಮೈ ಮಾತ್ರ ನಮ್ಮಷ್ಟೂ ಇರಲಿಲ್ಲ. ಸದಾ ಒರಟು ಸೊಪ್ಪುಸದೆ ಅಗಿಯುವ ಪ್ರಾಣಿಗೆ ಮೈಗೆ ಮೀರಿದ ಹಲ್ಲು ಬೆಳೆಯಬಹುದು. ಜೈಗಾಂಟೊಪಿಥೆಕಸ್‌ನ ಹಲ್ಲೂ ಅಂಥದ್ದೇ: ದಪ್ಪ ಎನಾಮಲ್, ತಗ್ಗು ಉಬ್ಬುಗಳು, ಅರೆಯಲು ಅಗಲವಾದ ಮೇಲ್ಮೈ. 2017ರಲ್ಲಿ ಝಾಂಗ್ ಯಿಂಗ್‌ಚಿ ಮತ್ತು ಟೆರ್ರಿ ಹ್ಯಾರಿಸನ್ 200ರಿಂದ 300 ಕಿಲೋ ಎಂಬ ವ್ಯಾಪ್ತಿಯನ್ನು, ಅದನ್ನೂ ಎಚ್ಚರಿಕೆಯಿಂದಲೇ, ಮುಂದಿಟ್ಟರು. ನಾನು ಒಪ್ಪುವುದು ಈ ವ್ಯಾಪ್ತಿಯನ್ನು. ಎತ್ತರಕ್ಕೆ ಅಷ್ಟು ಆಧಾರವೂ ಇಲ್ಲ.

ರೂಪದ ವಿಷಯದಲ್ಲೂ ಇದೇ ಕಥೆ. ದವಡೆಯ ಎರಡು ತೋಳುಗಳು ಹಿಂದಕ್ಕೆ ಹೋಗುತ್ತ ಅಗಲವಾಗುವುದನ್ನು ಕಂಡ ಮಾನವಶಾಸ್ತ್ರಜ್ಞ ಗ್ರೋವರ್ ಕ್ರ್ಯಾಂಟ್ಜ್, ಅದು ನೆಟ್ಟಗಿನ ಕುತ್ತಿಗೆಗೆ ಜಾಗ ಬಿಡಲೆಂದೇ ಇದ್ದದ್ದು, ಹಾಗಾಗಿ ಪ್ರಾಣಿ ನೆಟ್ಟಗೆ ನಡೆಯುತ್ತಿತ್ತು ಎಂದು ವಾದಿಸಿದರು. ಭಾರಿ ದವಡೆಯೇ ಆ ಅಗಲಕ್ಕೆ ಸಾಕಷ್ಟು ಕಾರಣವಾಗಬಲ್ಲದು. ನಡಿಗೆಯನ್ನು ತಿಳಿಯಲು ಸೊಂಟದ ಮೂಳೆಯೋ ತೊಡೆಯ ಮೂಳೆಯೋ ಬೇಕು. 2019ರಲ್ಲಿ ಚುಯಿಫೆಂಗ್ ಗುಹೆಯ 19 ಲಕ್ಷ ವರ್ಷ ಹಳೆಯ ಹಲ್ಲಿನ ಎನಾಮಲ್‌ನಿಂದ ಪ್ರೋಟೀನುಗಳನ್ನು ತೆಗೆದ ಸಂಶೋಧಕರು ಇದನ್ನು ಒರಾಂಗುಟಾನ್‌ನ ದಾಯಾದಿಯೆಂದು ತೋರಿಸಿದರು. ಈ ನೆಂಟಸ್ತಿಕೆಯನ್ನು ನೆಚ್ಚಿ ಚಿತ್ರಕಾರರು ಕೆಂಗಂದು ಕೂದಲು ಬಳಿಯುವುದುಂಟು. ಆದರೆ ಇವೆರಡರ ಕವಲು ಬೇರೆಯಾಗಿ ಒಂದು ಕೋಟಿ ವರ್ಷಕ್ಕೂ ಮಿಕ್ಕಿದೆ. ಎನಾಮಲ್ ಪ್ರೋಟೀನು ಕೂದಲ ಬಣ್ಣವನ್ನು ಹೇಳುವುದೂ ಇಲ್ಲ. ಧೈರ್ಯವಾಗಿ ಬರೆಯಬಹುದಾದದ್ದು ಇಷ್ಟು: ಆಳವಾದ ದಪ್ಪ ದವಡೆ, ಅದನ್ನು ಆಡಿಸುವ ಭಾರಿ ಸ್ನಾಯುಗಳು, ತುದಿ ಸವೆದು ಮೊಂಡಾದ ಗಿಡ್ಡ ಕೋರೆಹಲ್ಲು, ಹೆಣ್ಣಿಗಿಂತ ಗಮನಾರ್ಹವಾಗಿ ದೊಡ್ಡ ಗಂಡು.